ಚೌರಪ್ಪನ ಕೆಸರುಗಾಲು

ನಮ್ಮಜ್ಜಿಯ ಅಜ್ಜಿ ಲಂಗ ಹಾಕ್ಕೊಂಡು ಓಡಾಡ್ತಿದ್ದ ಒಂದಾನೊಂದು ಕಾಲದಲ್ಲಿ, ಕೆರೆ ಕೆಳಗಿನ ಊರಲ್ಲಿ ಚೌರಪ್ಪ ಅಂತ ಒಬ್ಬ ಇಟ್ಟಿಗೆ ಕುಯ್ಯೋನು ಇದ್ದನಂತೆ. ಅವನ ಪಕ್ಕದಲ್ಲೇ ಇನ್ನಾಸಪ್ಪ ಅನ್ನೋನೂ ಮಣ್ಣು ತುಳಿದು ಇಟ್ಟಿಗೆ ಕುಯ್ತಿದ್ದನಂತೆ. ಊರೆಲ್ಲ ಇನ್ನಾಸಪ್ಪನ ಇಟ್ಟಿಗೆಯನ್ನೇ ಹೊಗಳೋರು, ಚೌರಪ್ಪನಿಗೆ ಹೊಟ್ಟೆಯುರಿ. ಯಾರೂ ಇಲ್ಲದ ಹೊತ್ತು ನೋಡಿ ಕಾಲುವೆ ಒಡ್ಡು ಒಡೆದೇಬಿಟ್ಟನಂತೆ, ಇನ್ನಾಸಪ್ಪ ಬಿಸಿಲಿಗೆ ಹಾಕಿದ್ದ ಹಸಿ ಇಟ್ಟಿಗೆಗೆಲ್ಲ ನೀರು ನುಗ್ಗಿ ಕರಗಿ ಕೆಸರಾಗಿಹೋಯ್ತಂತೆ. ಹೆಗ್ಗಣ ತೋಡಿರಬೇಕು ಅಂದ್ರಂತೆ ಊರೋರು. ಇವನೂ ಹೂಂ, ಹೆಗ್ಗಣವೇ ಅಂದನಂತೆ. ಎಂಥಾ ಹೆಗ್ಗಣ ನೋಡು!

ಆಮೇಲೆ ಅವನಿಗೆ ಅನ್ನ ಸೇರ್ಲಿಲ್ಲ. ಜಪಮಾಲೆ ಹಿಡಿದ್ರೂ ಮನಸ್ಸು ಆ ಒಡ್ಡಿನ ಹತ್ರವೇ. ಯೇಸುಸ್ವಾಮಿ ಇನ್ನು ನನ್ನ ಮುಖ ನೋಡಲ್ಲ ಅಂತ ಒಳಗೊಳಗೇ ಕೊರಗ್ತಿದ್ದನಂತೆ. ಅಷ್ಟರಲ್ಲಿ ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಅವತ್ತು ಚರ್ಚಲ್ಲಿ ಸ್ವಾಮಿಯೋರು ಊರಿನ ಹನ್ನೆರಡು ಜನರ ಕಾಲು ತೊಳೀತಾರಲ್ಲ, ಆ ಸಲ ಚೌರಪ್ಪನನ್ನೂ ಕರೆದಿದ್ರಂತೆ. ಆ ಊರೋರೋ, ಕೊಳೆಗಾಲು ಸ್ವಾಮಿಯೋರ ಕೈಗೆ ಕೊಡೋದುಂಟೇ ಅಂತ ಮನೇಲೇ ಉಜ್ಜಿ ಉಜ್ಜಿ ಬರೋರಂತೆ. ತೊಳೆಸಿಕೊಳ್ಳೋಕೆ ತೊಳ್ಕೊಂಡು ಬರೋದು, ನಗ್ಬೇಡ ಸುಮ್ನಿರು.

ಚೌರಪ್ಪ ಮೊದಲು ಇಟ್ಟಿಗೆ ಚೂರಲ್ಲಿ ಉಜ್ಜಿದ, ಬಿರುಕಿನ ಮಣ್ಣು ಹೋಗಲಿಲ್ಲ. ಆಮೇಲೆ ಸೀಗೆಪುಡಿ ಹಾಕಿ ಉಜ್ಜಿದ, ಹೋಗಲಿಲ್ಲ. ಆಮೇಲೆ ತಂಬಿಗೆ ಬೆಳಗೋ ಹುಣಸೆಹಣ್ಣಲ್ಲಿ ಉಜ್ಜಿದ, ಕಾಲೆಲ್ಲ ಉರಿ, ಜಪ್ಪಯ್ಯ ಅಂದ್ರೂ ಹೋಗಲಿಲ್ಲ. ಸಾಕು ಬಿಡಿ, ಚರ್ಮ ಕಿತ್ತು ಬಂದೀತು ಅಂದಳಂತೆ ಹೆಂಡತಿ ಥೆರೇಸಮ್ಮ.

ಹೊರಟ. ದಾರೀಲಿ ನೋಡಿದ್ರೆ, ಇನ್ನಾಸಪ್ಪ ಹಬ್ಬವಿಲ್ಲ ಪೂಜೆಯಿಲ್ಲ, ಒಬ್ಬನೇ ಗುಂಡೀಲಿ ನಿಂತು ಮತ್ತೆ ಮೊದಲಿಂದ ಮಣ್ಣು ತುಳೀತಿದ್ದಾನೆ. ಚೌರಪ್ಪ ಅಲ್ಲೇ ನಿಂತ. ಪಂಚೆ ಎತ್ತಿಕಟ್ಟಿ ಗುಂಡಿಗೆ ಇಳಿದು, ಹೆಗ್ಗಣ ಅಲ್ಲ ಕಣೋ, ಒಡ್ಡು ಒಡೆದೋನು ನಾನು, ತಪ್ಪಾಯ್ತು ಅಂತ ಗೊಳೋ ಅಂತ ಅತ್ತುಬಿಟ್ಟನಂತೆ. ಇನ್ನಾಸಪ್ಪ ಒಂದು ಮಣ್ಣಿನ ಮುದ್ದೆ ಎತ್ತಿ ಅವನ ಎದೆಗೆ ಬೀಸಿ, ನಡಿ ಆಚೆ ಅಂದನಂತೆ.

ಆಮೇಲೆ ಚೌರಪ್ಪ, ಮಂಡಿವರೆಗೂ ಕೆಸರು ಮೆತ್ಕೊಂಡು ಹಂಗೇ ಹೋಗಿ ಚರ್ಚಿನ ಬಾಗಿಲ ಮರೇಲಿ ನಿಂತನಂತೆ. ಸ್ವಾಮಿಯೋರು ಬಾ ಅಂದ್ರು. ಬೇಡಿ ಸ್ವಾಮಿ, ಮಾಡಬಾರದ್ದು ಮಾಡಿದ ಪಾಪಿ ನಾನು, ಕಾಲೂ ಗಲೀಜು ಅಂದ. ಸ್ವಾಮಿಯೋರು ನಕ್ಕುಬಿಟ್ಟರಂತೆ. ತೊಳೆದ ಕಾಲನ್ನೇ ತೊಳೆದೂ ತೊಳೆದೂ ಬೇಜಾರಾಗಿದೆ ಕಣಪ್ಪ. ನೀನೇ ತೊಳ್ಕೊಂಡು ಶುದ್ಧ ಆಗೋ ಹಂಗಿದ್ರೆ ಯೇಸುಸ್ವಾಮಿ ಯಾಕೆ ಶಿಲುಬೆ ಹೊರ್ತಿದ್ರು? ಪಾಪಿ ಅಂತ ಒಪ್ಕೊಂಡೆಯಲ್ಲ, ಅವರನ್ನ ನಂಬಿ ಕಾಲು ಚಾಚು ಅಂದ್ರಂತೆ. ಚೌರಪ್ಪ ನಂಬಿದ, ಚಾಚಿದ. ಬೋಗುಣಿ ನೀರೆಲ್ಲ ಕೆಮ್ಮಣ್ಣಿಂದ ಕೆಂಪಗಾಯ್ತು, ಅವನೆದೆ ಹತ್ತಿಯಷ್ಟು ಹಗುರಾಯ್ತಂತೆ.

ಒರೆಸೋ ಬಟ್ಟೆ ಆಗಲೇ ಒದ್ದೆಮುದ್ದೆ. ಇನ್ನೊಂದು ತನ್ನಿ ಅನ್ನೋವಾಗ ಹಿಂದಿನಿಂದ ಯಾರೋ ಹೆಗಲ ಮೇಲಿನ ಟವಲು ನೀಡಿದ್ರಂತೆ. ತಿರುಗಿದ್ರೆ ಇನ್ನಾಸಪ್ಪ! ಹಿಂದಿಂದೇ ಬಂದು ಎಲ್ಲ ಕೇಳಿಸ್ಕೊಂಡು ನಿಂತಿದ್ದನಂತೆ. ಒರೆಸ್ಕೊಳೋ, ಹಬ್ಬ ಮುಗಿದ ಮೇಲೆ ನನ್ನ ಗುಂಡೀಲಿ ಮಣ್ಣು ತುಳಿಯೋಕೆ ಬರಬೇಕು ನೀನು ಅಂದನಂತೆ.

ಹೋದ ಕಣೇ, ಓಡ್ಕೊಂಡೇ ಹೋದ. ಆಮೇಲೆ ಇಬ್ಬರೂ ಸೇರಿ ಒಂದೇ ಇಟ್ಟಿಗೆ ಗೂಡು ಸುಟ್ಟು, ಒಂದೇ ಬುತ್ತಿ ಉಂಡು ಸುಖವಾಗಿದ್ರಂತೆ. ಅವರು ಅಲ್ಲಿ, ನಾವು ಇಲ್ಲಿ, ಕತೆ ಮುಗೀತು, ಕಣ್ಣು ಮುಚ್ಕೊ ಕಂದ.