ಊರಿಗೆಲ್ಲ ಡಂಗುರ

ಶಿಷ್ಯ ಕೇಳಿದ:

"ಗುರುಗಳೇ, ನಮ್ಮೂರ ಶಾಲೆಯ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ಸಭೆ ಇದೆ ಅಂತ ಗೋಡೆಗೆ ನೋಟಿಸು ಹಚ್ಚುತ್ತೇವೆ. ಜನ ಬರುವುದಿಲ್ಲ. ಕೊನೆಗೆ ನಾವು ನಾಲ್ಕೈದು ಮಂದಿಯೇ ಕೂತು ತೀರ್ಮಾನ ಮಾಡುತ್ತೇವೆ. ಮಕ್ಕಳಿಗೆ ಒಳ್ಳೆಯದಾಗಲಿ ಅಂತಲೇ ಮಾಡುತ್ತೇವೆ. ಆಮೇಲೆ, ನಮ್ಮನ್ನು ಕೇಳದೆ ಮಾಡಿದಿರಿ ಅಂತ ಬೈಯುತ್ತಾರೆ. ಬಾರದವರನ್ನು ಕೇಳುವುದು ಹೇಗೆ?"

ಗುರು ಈ ಕತೆ ಹೇಳಿದರು.

ಒಂದು ಊರು. ಅಲ್ಲೊಂದು ಶಾಲೆ. ಶಾಲೆ ನೋಡಿಕೊಳ್ಳಲು ಏಳು ಜನರ ಸಮಿತಿ. ಏಳೂ ಜನ ಪ್ರಾಮಾಣಿಕರು. ಶಾಲೆಯ ಒಂದು ಸೀಮೆಸುಣ್ಣ ಕೂಡ ಅವರ ಮನೆಗೆ ಹೋದದ್ದಿಲ್ಲ.

ಅವರದೊಂದು ಪದ್ಧತಿ ಇತ್ತು. ಸಭೆಗೆ ಮುಂಚೆ ಡಂಗುರ ಸಾರಿಸಬೇಕು. ತೀರ್ಮಾನವಾದ ಮೇಲೆ ಮತ್ತೆ ಸಾರಿಸಬೇಕು. ತಕರಾರು ಇದ್ದವರು ಎಂಟು ದಿನದೊಳಗೆ ಬಂದು ಹೇಳಬಹುದು. ಯಾರೂ ಬಾರದಿದ್ದರೆ ಊರು ಒಪ್ಪಿದ ಹಾಗೆ. ಡಂಗುರ ಸಾರುವವನು ಒಬ್ಬನಿದ್ದ. ಅವನಿಗಿಂತ ಮುಂಚೆ ಅವನ ಅಪ್ಪ ಸಾರುತ್ತಿದ್ದ.

ಒಂದು ವರ್ಷ ಬೇಸಿಗೆ ಬೇಗ ಬಂತು. ಮಧ್ಯಾಹ್ನದ ಹೊತ್ತು ಮಕ್ಕಳು ಪುಸ್ತಕದ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಸಮಿತಿಯವರು ಕೂತು ಯೋಚಿಸಿದರು. ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಶಾಲೆ ಮಾಡೋಣ ಅಂದರು. ಹತ್ತಕ್ಕೆ ಕೂಡುತ್ತಿದ್ದ ಶಾಲೆ ಏಳೂವರೆಗೆ ಕೂಡಬೇಕು, ಹನ್ನೆರಡೂವರೆಗೆ ಬಿಡಬೇಕು. ತಡವಾಗಿ ಬಂದವರನ್ನು ಒಳಗೆ ಸೇರಿಸಬಾರದು, ಇಲ್ಲದಿದ್ದರೆ ಶಿಸ್ತು ಉಳಿಯುವುದಿಲ್ಲ. ಒಂದು ತಿಂಗಳು ಹಾಜರಿ ಇಲ್ಲದವರ ಹೆಸರು ತೆಗೆಯಬೇಕು. ಹೀಗೆ ಬರೆದರು. ಡಂಗುರ ಸಾರಿಸಿದರು. ಎಂಟು ದಿನ ಕಾದರು. ಒಬ್ಬರೂ ಬರಲಿಲ್ಲ.

ಆ ಊರಿನಲ್ಲಿ ಒಬ್ಬ ಬುಟ್ಟಿ ಹೆಣೆಯುವವನಿದ್ದ. ಹೆಂಡತಿ ಎರಡನೆಯ ಮಗುವನ್ನು ಹೆತ್ತು ತೀರಿಕೊಂಡಿದ್ದಳು. ಆ ಮಗುವಿಗೆ ಎರಡು ವರ್ಷ. ದೊಡ್ಡವಳು ಹೊನ್ನಿ, ನಾಲ್ಕನೆಯ ತರಗತಿ. ಅವನು ನಸುಕಿನಲ್ಲಿ ಬಿದಿರು ಕಡಿಯಲು ಹೋಗುತ್ತಿದ್ದ. ಒಂಬತ್ತಕ್ಕೆ ಬರುತ್ತಿದ್ದ. ಅಲ್ಲಿಯವರೆಗೆ ಹೊನ್ನಿ ತಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಬಂದವನು ಅವಳ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದ. ಬುಟ್ಟಿ ಹೆಣೆದ ಕೈ. ಜಡೆ ಬಿಗಿಯಾಗುತ್ತಿತ್ತು. ಅಪ್ಪಾ, ನನ್ನ ತಲೆಯಲ್ಲಿ ಜೋಳ ತುಂಬುತ್ತೀಯೇನು ಅಂತ ಅವಳು ಕೇಳುತ್ತಿದ್ದಳು. ಆ ಮನೆಯಲ್ಲಿ ನಗು ಅಂತ ಇದ್ದದ್ದು ಅದೊಂದೇ ಹೊತ್ತಿನಲ್ಲಿ.

ಒಂದು ದಿನ ಹೊನ್ನಿ ಎಂದಿನಂತೆ ಹತ್ತಕ್ಕೆ ಹೋದಳು. ಪಾಠ ಅರ್ಧ ಆಗಿಹೋಗಿತ್ತು. ಇವತ್ತಿನಿಂದ ಏಳೂವರೆಗೆ ಬರಬೇಕು ಅಂತ ಮಾಸ್ತರರು ಹೇಳಿ ಹೊರಗೆ ಕಳಿಸಿದರು.

ಅವಳ ಓಣಿಯ ಬೇರೆ ಮಕ್ಕಳು ಮರುದಿನ ಬೇಗ ಹೋದರು. ಅವರ ಮನೆಯಲ್ಲಿ ತಾಯಂದಿರು ಇದ್ದರು. ಹೊನ್ನಿ ಹತ್ತಕ್ಕೇ ಹೋದಳು. ಅಪ್ಪನಿಗೆ ಹೇಳಿದರೆ ಅವನು ಬಿದಿರಿಗೆ ಹೋಗುವುದು ಬಿಡುತ್ತಾನೆ. ಬಿದಿರಿಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಅಷ್ಟು ಅವಳಿಗೆ ಗೊತ್ತಿತ್ತು. ಈಗ ಶಾಲೆ ಬೇಗ ಬಿಡುತ್ತದೆ ಅಂತ ಮನೆಯಲ್ಲಿ ಹೇಳಿದಳು. ಬೇಗ ಕೂಡುತ್ತದೆ ಅನ್ನುವುದನ್ನು ಹೇಳಲಿಲ್ಲ.

ಹೆಂಡತಿ ಹೋದ ಮೇಲೆ ಅವನು ಯಾರ ಕಟ್ಟೆಗೂ ಹೋಗಿ ಕೂರುತ್ತಿರಲಿಲ್ಲ. ಹಾಗಾಗಿ ಬೇರೆಯವರಿಂದಲೂ ತಿಳಿಯಲಿಲ್ಲ.

ತಿಂಗಳು ಕಳೆಯಿತು. ಶಾಲೆಯ ಅಡುಗೆಮನೆಯವರು ಅವನಿಗೆ ಅನ್ನ ಬಸಿಯುವ ಬುಟ್ಟಿ ಹೇಳಿದ್ದರು. ಅದನ್ನು ಕೊಡಲು ಅವನು ಚಿಕ್ಕವನನ್ನು ಎತ್ತಿಕೊಂಡು ಶಾಲೆಗೆ ಹೋದ. ಹಿಂದಿನ ಗೋಡೆಯ ಹತ್ತಿರ ಮಗಳು ಕೂತಿದ್ದಳು. ತಲೆಯ ಮೇಲೆ ಕಿಟಕಿ. ಒಳಗೆ ಮಾಸ್ತರರು ಲೆಕ್ಕ ಹೇಳುತ್ತಿದ್ದರು. ಅವಳು ನೆಲದ ಮೇಲೆ ಬೆರಳಿನಿಂದ ಆ ಲೆಕ್ಕ ಬರೆಯುತ್ತಿದ್ದಳು.

ಅವನು ಬುಟ್ಟಿ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತ. ಅವಳು ಎಲ್ಲ ಹೇಳಿದಳು. ಹೆಸರು ತೆಗೆದು ಆಗಲೇ ಮೂರು ದಿನವಾಗಿತ್ತು.

ಮಕ್ಕಳನ್ನು ಮನೆಗೆ ಕಳಿಸಿ ಅವನು ಅಧ್ಯಕ್ಷನ ಮನೆಗೆ ಹೋದ. ಸಮಿತಿಯವರೆಲ್ಲ ಅಲ್ಲೇ ಇದ್ದರು. ಮಗಳ ಹೆಸರು ಮತ್ತೆ ಬರೆಯಬೇಕು ಅಂದ. ಅಧ್ಯಕ್ಷ ಒರಟನಲ್ಲ. ಸಮಾಧಾನದಿಂದಲೇ ಹೇಳಿದ. ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ, ಊರಿಗೆಲ್ಲ ಡಂಗುರ ಸಾರಿಸಿದ್ದೇವೆ, ಎಂಟು ದಿನ ಕಾದಿದ್ದೇವೆ, ಆಗಲೇ ಬಂದು ನಿನ್ನ ಕಷ್ಟ ಹೇಳಬಾರದಿತ್ತೇ ಅಂದ.

ಸಮಿತಿಯಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನು ಅಂದ: "ನಿಮ್ಮ ಓಣಿಯವರು ಯಾವ ಸಭೆಗೆ ಬಂದಿದ್ದೀರಪ್ಪ? ಡಂಗುರ ಹೊಡೆಯುವಾಗ ತಲೆಯ ಮೇಲೆ ಬುಟ್ಟಿ ಕವುಚಿಕೊಂಡು ಕೂರುತ್ತೀರೇನು?"

ಕೂತವರು ನಕ್ಕರು. ಬುಟ್ಟಿಯವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನಾನು ಹುಟ್ಟಿದ್ದು ಆ ಓಣಿಯಲ್ಲೇ, ಯಜಮಾನರೇ. ಡಂಗುರ ಅಲ್ಲಿಗೆ ಬಂದದ್ದನ್ನು ನಾನು ಒಂದು ದಿನವೂ ಕೇಳಿಲ್ಲ."

ಡಂಗುರದವನನ್ನು ಕರೆಸಿದರು. ಅವನಿಗೆ ನೋವಾಯಿತು. ಜ್ವರವಿದ್ದ ದಿನವೂ ಸಾರಿದ್ದೇನೆ, ಒಂದು ಸಲವೂ ತಪ್ಪಿಸಿಲ್ಲ ಅಂತ ಡಂಗುರದ ಹಲಗೆ ಮುಟ್ಟಿ ಆಣೆ ಮಾಡಿದ.

ಅಧ್ಯಕ್ಷ ನ್ಯಾಯವಂತ. ಹಾಗಾದರೆ ಈಗಲೇ ಸಾರು, ಯಾವಾಗಲೂ ಹೇಗೆ ಸಾರುತ್ತೀಯೋ ಹಾಗೇ ಸಾರು, ನಾವು ಹಿಂದೆ ಬರುತ್ತೇವೆ ಅಂದ.

ಡಂಗುರದವನು ಎಂದಿನಂತೆ ಊರ ಚಾವಡಿಯಿಂದ ಹೊರಟ. ಏಳು ಜನ ಹಿಂದೆ ನಡೆದರು. ಅವರ ಹಿಂದೆ ಬುಟ್ಟಿಯವನು. ಅಂಗಡಿ ಬೀದಿ ದಾಟಿದರು. ಕೆರೆಯ ಬೀದಿ ದಾಟಿದರು. ಮೂಲೆ ಮೂಲೆಗೂ ನಿಂತು ಅವನು ಗಟ್ಟಿಯಾಗಿ ಸಾರಿದ. ಜನ ಬಾಗಿಲಿಗೆ ಬಂದು ನೋಡಿದರು. ಕೊನೆಗೆ ಹಳೆಯ ಎಣ್ಣೆ ಗಾಣದ ಹತ್ತಿರ ಬಂದ. ಗಾಣದ ಕಲ್ಲಿನ ಮುಂದೆ ಮೂರು ಪೆಟ್ಟು ಹೊಡೆದ. ತಿರುಗಿದ. ಬಂದ ದಾರಿಯಲ್ಲೇ ವಾಪಸು ಹೊರಟ.

ಗಾಣದ ಆಚೆ ಒಂದು ಹೊಲ. ಹೊಲದ ಆಚೆ ಬುಟ್ಟಿ ಹೆಣೆಯುವವರ ಇಪ್ಪತ್ತು ಮನೆ. ಸೂರುಗಳು ಅಲ್ಲಿಂದಲೇ ಕಾಣುತ್ತಿದ್ದವು.

"ಯಾಕೆ ತಿರುಗಿದೆ?" ಅಂದ ಅಧ್ಯಕ್ಷ.

ಡಂಗುರದವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಊರು ಇಲ್ಲಿಗೆ ಮುಗೀತಲ್ಲ, ಯಜಮಾನರೇ. ನಮ್ಮಪ್ಪ ಇಲ್ಲೇ ತಿರುಗುತ್ತಿದ್ದ."

ಅವನ ಅಪ್ಪನ ಕಾಲದಲ್ಲಿ ಊರು ಅಲ್ಲಿಗೇ ಮುಗಿಯುತ್ತಿತ್ತು. ಮನೆಗಳು ಬಂದದ್ದು ಆಮೇಲೆ. ಬಂದು ನಲವತ್ತು ವರ್ಷವಾಗಿತ್ತು. ಇನ್ನೊಂದು ಹೊಲದಷ್ಟು ಮುಂದೆ ಹೋಗು ಅಂತ ಡಂಗುರದವನಿಗೆ ಯಾರೂ ಹೇಳಿರಲಿಲ್ಲ.

ನಲವತ್ತು ವರ್ಷ ಸಮಿತಿಯವರು, ಆ ಓಣಿಯವರಿಗೆ ಶಾಲೆಯ ಚಿಂತೆಯಿಲ್ಲ ಅಂದುಕೊಂಡಿದ್ದರು. ನಲವತ್ತು ವರ್ಷ ಆ ಓಣಿಯವರು, ಊರವರು ನಮ್ಮನ್ನು ಸಭೆಗೆ ಕರೆಯುವುದಿಲ್ಲ, ಕರೆಯದ ಕಡೆ ಹೋಗಬಾರದು ಅಂದುಕೊಂಡಿದ್ದರು. ಎರಡೂ ಕಡೆಯವರು ಸುಳ್ಳು ಹೇಳಿರಲಿಲ್ಲ.

ವ್ಯಾಪಾರಿ ತಲೆ ತಗ್ಗಿಸಿದ. ಅಧ್ಯಕ್ಷ ಹೊಲ ದಾಟಿ ನಡೆದ. ಅವನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಹೊನ್ನಿ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಿದಿರು ಸೀಳುತ್ತಿದ್ದಳು. ತಪ್ಪಾಯಿತವ್ವ, ಹೆಸರು ಬರೆಸುತ್ತೇನೆ, ಹೊತ್ತನ್ನೂ ಬದಲಿಸುತ್ತೇವೆ, ನಾಳೆಯಿಂದ ಬಾ ಅಂದ.

ಅವಳು ಕತ್ತಿ ಕೆಳಗಿಟ್ಟಳು.

"ಮತ್ತೆ ಬದಲಿಸಿದರೆ ನಮಗೆ ಯಾರು ಹೇಳ್ತಾರ್ರೀ?"

ಮುಂದಿನ ಸಭೆ ಆ ಓಣಿಯಲ್ಲೇ ಕೂಡಿತು. ಅಲ್ಲಿಯವರು ಬಂದರು, ಕೇಳಿದರು, ಜಗಳವನ್ನೂ ಆಡಿದರು. ಇನ್ನು ಮೇಲೆ ಬೇಸಿಗೆಯಲ್ಲಿ ಶಾಲೆ ಒಂಬತ್ತೂವರೆಗೆ ಕೂಡಲಿ ಅಂತ ಎಲ್ಲರೂ ಸೇರಿ ಹೇಳಿದರು. ಆದರೆ ಪರೀಕ್ಷೆಯ ಪಟ್ಟಿ ಹೊನ್ನಿಯ ಹೆಸರಿಲ್ಲದೆ ಮೊದಲೇ ಹೋಗಿತ್ತು, ಅಷ್ಟರಲ್ಲಿ ಪರೀಕ್ಷೆಯೂ ಆಗಿಹೋಗಿತ್ತು. ಹೊನ್ನಿ ಮರುವರ್ಷವೂ ನಾಲ್ಕನೆಯ ತರಗತಿಯಲ್ಲೇ ಕೂತಳು, ತನಗಿಂತ ಗಿಡ್ಡ ಮಕ್ಕಳ ನಡುವೆ. ಅವಳ ಜೊತೆಯವರು ಪಕ್ಕದ ಕೋಣೆಗೆ ಹೋಗಿದ್ದರು.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಅಂದ: "ಗುರುಗಳೇ, ಆ ಸಮಿತಿಗೆ ತಿಳಿದಿರಲಿಲ್ಲ. ನಮ್ಮೂರಲ್ಲಿ ಹಾಗಲ್ಲ. ಬಾರದವರು ಯಾರು ಅಂತ ನಮಗೆ ಚೆನ್ನಾಗಿ ಗೊತ್ತು."

ಗುರು ಅವನ ಮುಖ ನೋಡಿದರು.

"ಅವರಲ್ಲಿ ಒಬ್ಬರ ಹೆಸರು ಹೇಳು."