ಅಣ್ಣ ಹಾಕಿಸಿದ ಪೆಟ್ರೋಲು

ಹೊನ್ನಲಿಂಗ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ, ತೀರಿಕೊಂಡ ಅಣ್ಣನ ಹಳೆಯ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದಿದ್ದ. ಕಾರು ಅವರ ಅಜ್ಜನ ಕಾಲದ್ದು.

ಗುರು ಸಂಗಪ್ಪಯ್ಯನವರು ಪೂರ್ವಾಶ್ರಮದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವರು. ಶಿಷ್ಯರಿಗೆ ಮಂತ್ರಕ್ಕಿಂತ ಮೊದಲು ಸ್ಪ್ಯಾನರ್ ಕೊಡುತ್ತಿದ್ದರು.

"ಇದು ಮತ್ತೆ ಓಡಬೇಕು, ಗುರುಗಳೇ. ಅಣ್ಣ ಹಾಕಿಸಿದ ಪೆಟ್ರೋಲಿನಲ್ಲೇ ಓಡಬೇಕು. ಅವನು ಹೋದ ಮೇಲೆ ಟ್ಯಾಂಕಿನ ಮುಚ್ಚಳ ಮುಟ್ಟಲು ಯಾರನ್ನೂ ಬಿಟ್ಟಿಲ್ಲ."

"ಎಷ್ಟು ವರ್ಷವಾಯಿತು?"

"ಮೂರು."

ಗುರುಗಳು ಕಾರಿನ ಹಿಂದೆ ಹೋಗಿ ಬಗ್ಗಿ ನೋಡಿದರು. ಟ್ಯಾಂಕಿನ ತಳ ತುಕ್ಕು ಹಿಡಿದು ಜಿನುಗುತ್ತಿತ್ತು.

"ಟ್ಯಾಂಕು ಇಳಿಸು," ಎಂದು ಹೇಳಿ ಅವರೆಕಾಯಿ ಸುಲಿಯಲು ಹೋದರು.

ಇಳಿಸುವ ಮೊದಲು ಖಾಲಿ ಮಾಡಬೇಕು. ಅದು ಹೊನ್ನಲಿಂಗನಿಗೂ ಗೊತ್ತಿತ್ತು. ಆದರೆ ಪೆಟ್ರೋಲು ಹೊರಬಿಡುವ ತಳದ ಬೋಲ್ಟಿಗೆ ಕೈಯಿಡಲು ಮನಸ್ಸಾಗಲಿಲ್ಲ. ಕಾರಿನಡಿ ಅಂಗಾತ ಮಲಗಿ, ಟ್ಯಾಂಕನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಗಳನ್ನಷ್ಟೇ ಬಿಚ್ಚಿದ.

"ಗುರುಗಳೇ, ಟ್ಯಾಂಕು ಇಳಿಯಿತು."

"ಎಲ್ಲಿಗೆ?"

"ನನ್ನ ಎದೆಯ ಮೇಲಕ್ಕೆ."

ಗುರುಗಳು ಬಂದು ನೆಲದ ಮೇಲೆ ಕೂತರು. "ಭಾರವೇ?"

"ಉಸಿರೇ ಸಿಗುತ್ತಿಲ್ಲ."

"ಹಾಗಾದರೆ ಮಾತು ಕಮ್ಮಿ ಮಾಡು."

ಅವರೂ ಪಕ್ಕದಲ್ಲಿ ತೆವಳಿ ಬಂದು ಟ್ಯಾಂಕಿನ ಒಂದು ಬದಿಯನ್ನು ಎತ್ತಿ ಹಿಡಿದರು. ಇನ್ನೊಂದು ಕೈಯಿಂದ ಬೋಲ್ಟಿನ ಕೆಳಗೆ ಬೋಗುಣಿ ಸರಿಸಿದರು.

"ಮೂಸಿ ನೋಡು."

ಹೊನ್ನಲಿಂಗ ಮೂಸಿದ. ಕೆಟ್ಟ ವಾರ್ನಿಶಿನ ಹುಳಿ ವಾಸನೆ.

"ಇದು ಪೆಟ್ರೋಲಲ್ಲ. ಯಾರು ಬದಲಾಯಿಸಿದರು?"

"ಮುಚ್ಚಳ ಕಾದವನು ನೀನು. ಮೂರು ವರ್ಷ ನಿಂತದ್ದು ಕೆಡುತ್ತದೆ."

"ಹಾಗಾದರೆ ಅಣ್ಣ ಹಾಕಿಸಿದ್ದು ಎಲ್ಲಿ ಹೋಯಿತು?"

ಗುರುಗಳು ಟ್ಯಾಂಕನ್ನು ಹಿಡಿದೇ ಇದ್ದರು. ಬೋಲ್ಟನ್ನು ಮುಟ್ಟಲಿಲ್ಲ. ಕೊನೆಗೆ ಹೊನ್ನಲಿಂಗನೇ ಅದನ್ನು ತಿರುಗಿಸಿದ. ಕಂದು ಬಣ್ಣದ ದ್ರವ ಬೋಗುಣಿಗೆ ಸುರಿಯಿತು.

ಹೊರಗೆ ಬಂದಾಗ ಟ್ಯಾಂಕು ಕಂಕುಳಲ್ಲಿ ಹಿಡಿಯುವಷ್ಟು ಹಗುರವಾಗಿತ್ತು. ಅಳು ಬರುತ್ತದೆಂದು ಅವನು ಕಾದ. ಬರಲಿಲ್ಲ. ಇದು ಸಮಾಧಾನವೋ ಮತ್ತೇನೋ ತಿಳಿಯಲಿಲ್ಲ.

"ಇನ್ನು ಇದರಲ್ಲಿ ಏನೂ ಇಲ್ಲ," ಎಂದು, ತೂತು ಮುಚ್ಚಿಸಲು ಬೆಸುಗೆಯ ಒಲೆಯ ಕಡೆ ನಡೆದ.

ಗುರುಗಳು ಓಡಿ ಬಂದು ಅಡ್ಡ ನಿಂತರು. ಅವರು ಓಡಿದ್ದನ್ನು ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ.

"ಮೊದಲು ಇದಕ್ಕೆ ನೀರು ತುಂಬಿಸು."

"ಈಗಷ್ಟೇ ಖಾಲಿ ಮಾಡಿಸಿದಿರಿ. ತುಂಬಿದ್ದಾಗ ಪಕ್ಕದಲ್ಲೇ ಮಲಗಿದವರು ಖಾಲಿ ಟ್ಯಾಂಕಿಗೆ ಹೆದರುತ್ತೀರಾ?"

"ತುಂಬಿದ್ದು ಉರಿಯುತ್ತದೆ. ಖಾಲಿಯಾದದ್ದು ಸಿಡಿಯುತ್ತದೆ. ಒಳಗೆಲ್ಲ ಪೆಟ್ರೋಲಿನ ಆವಿ."

ಹೊನ್ನಲಿಂಗ ಟ್ಯಾಂಕನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ.

"ನನಗೆ ಏನೂ ಅರ್ಥವಾಗುತ್ತಿಲ್ಲ, ಗುರುಗಳೇ. ಈಗ ನಾನೇನು ಮಾಡಲಿ?"

"ಹೊಳೆಯಿಂದ ಒಂದು ಕೊಡ ನೀರು ತಾ," ಎಂದರು ಗುರುಗಳು. "ಇವತ್ತು ನೀನೂ ಖಾಲಿ. ನಿನ್ನ ಚಾಪೆ ನನ್ನ ಪಕ್ಕದಲ್ಲಿ ಹಾಸಿಕೋ."