ಹಾಲುಗಂಬದ ಗುಡ್ಡ

ಕಬ್ಬಿಣ ಕರಗಿಸಿ ತೆಗೆದ ಮೇಲೆ ಉಳಿಯುವ ಕರಿಯ ಗಟ್ಟಿಗೆ ನಮ್ಮೂರಲ್ಲಿ ಒಂದು ಹೆಸರಿತ್ತು. ಚಿಟ್ಟವೋ, ಕಿಟ್ಟವೋ, ಕಿಟ್ಟವೇ ಇರಬೇಕು. ಊರು ಬಿಟ್ಟು ನಾಗಪುರ ಸೇರಿ ಐವತ್ತು ವರ್ಷವಾಯಿತು, ಮಾತುಗಳು ಸವೆದಿವೆ. ನಮ್ಮ ಹಿರೇಕೊಳದ ಹಾಲುಗಂಬದ ಗುಡ್ಡದ ತುಂಬ ಇಂದಿಗೂ ಆ ಕಿಟ್ಟವೇ ಹರಡಿದೆ. ಬರಿಗಾಲಿಗೆ ಚುಚ್ಚುತ್ತದೆ, ಹುಲ್ಲೂ ನೆಟ್ಟಗೆ ಬೆಳೆಯದು. ನೆತ್ತಿಯಲ್ಲಿ ಮಾತ್ರ ಒಂದು ಅತ್ತಿಮರವಿದೆ.

ಹಿಂದೆ ಆ ಗುಡ್ಡ ಕಮರ, ದಿಂಡಿಗ, ಅತ್ತಿ ಮರಗಳಿಂದ ಕತ್ತಲೆಗಟ್ಟಿತ್ತು ಎನ್ನುತ್ತಾರೆ. ನೆತ್ತಿಯಲ್ಲೇ ಗಾದ್ರಪ್ಪನೆಂಬ ಯಜಮಾನನ ಕಬ್ಬಿಣದ ಕುಲುಮೆ, ಪಕ್ಕದಲ್ಲಿ ಅವನ ಮನೆ. ಒಂದು ಬುಟ್ಟಿ ಕಬ್ಬಿಣಕ್ಕೆ ಹತ್ತು ಬುಟ್ಟಿ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಗುಡ್ಡ ದೊಡ್ಡದು, ಮುಗಿಯುವುದಿಲ್ಲವೆಂದು ಮೂರು ತಲೆಮಾರು ಕಡಿದರು. ಆಗ ಅವನ ಮಗಳು ದುರುಗವ್ವನ ಮದುವೆ ಗೊತ್ತಾಯಿತು. ಚಪ್ಪರದ ಮುಂದೆ ಹಾಲುಗಂಬ ನೆಡದೆ ಮದುವೆಯಿಲ್ಲ. ಅದಕ್ಕೆ ಹಾಲು ಒಸರುವ ಹಸಿ ಅತ್ತಿಕೊಂಬೆಯೇ ಆಗಬೇಕು. ಕೊಡಲಿ ಹಿಡಿದು ಹೊರಟ ಗಾದ್ರಪ್ಪನಿಗೆ ಕಡಿಯಲು ಒಂದು ಕೊಂಬೆಯೂ ಸಿಗಲಿಲ್ಲ. ಎರಡು ದಿನ ನಡೆದ. ಆಚೆಯ ಗುಡ್ಡಗಳಲ್ಲೂ ಕುಲುಮೆಗಳೇ, ಕಡಿದುಳಿದ ಬೊಡ್ಡೆಗಳೇ. ಮುಹೂರ್ತದ ಬೆಳಿಗ್ಗೆ ತಾನೇ ಬಡಿದ ಕಬ್ಬಿಣದ ಕಂಬವೊಂದನ್ನು ತಂದು ನೆಟ್ಟು, ಅರಿಶಿನ ಹಚ್ಚಿದ.

ವರನ ಸೋದರಮಾವ ಅದನ್ನು ಬೆರಳಿನಿಂದ ತಟ್ಟಿ ನೋಡಿದ. "ಏನು ಬೀಗರೇ, ಇದರಲ್ಲಿ ಹಾಲು ಬರ್ತದಾ? ನಮ್ಮ ಹುಡುಗನಿಗೆ ಮಕ್ಕಳು ಬೇಕು, ಕುಡುಗೋಲಲ್ಲ. ಚಿಗುರಿದ ದಿನ ಹೇಳಿಕಳಿಸಿ, ಬರ್ತೀವಿ" ಎಂದ. ದಿಬ್ಬಣ ತಿರುಗಿ ಹೋಯಿತು.

"ಅಪ್ಪಾ, ಇನ್ನು ಬೆಂಕಿ ಹಾಕಬ್ಯಾಡ" ಎಂದಳಂತೆ ದುರುಗವ್ವ. ಅವನು ಹಾಕಲಿಲ್ಲ. ಅವಳು ದಿನವೂ ಕೆಳಗಿನ ಕೊಳದಿಂದ ಒಂದು ಕೊಡ ನೀರು ಹೊತ್ತು ತಂದು ಕಂಬದ ಬುಡಕ್ಕೆ ಹಾಕಿದಳು. ಊರು ನಕ್ಕಿತು, ಆಮೇಲೆ ನಗುವುದನ್ನೂ ಮರೆಯಿತು. ಬೋಳುಗುಡ್ಡದಲ್ಲಿ ಹಕ್ಕಿಗಳಿಗೆ ಕೂರಲು ಬೇರೆ ಆಸರೆಯಿಲ್ಲದೆ ಆ ಕಂಬದ ಮೇಲೆಯೇ ಕೂರುತ್ತಿದ್ದವು. ಯಾವ ಹಕ್ಕಿ ಎಲ್ಲಿಂದ ತಂದ ಬೀಜವೋ, ಬುಡದ ಹಸಿಯಲ್ಲಿ ಅತ್ತಿ ಮೊಳೆಯಿತು. ಅಷ್ಟರಲ್ಲಿ ಅವಳ ತಲೆ ನರೆತಿತ್ತು. ಹೇಳಿಕಳಿಸೋಣವೆಂದರೆ ಆ ವರನೂ ಬದುಕಿರಲಿಲ್ಲ.

ಈಗ ಹೋದವರಿಗೆ ಮರದ ಬೊಡ್ಡೆಯೊಳಗಿಂದ ಗೇಣುದ್ದ ತುಕ್ಕು ಹಿಡಿದ ಕಬ್ಬಿಣ ಕಾಣುತ್ತದೆ. ಉಳಿದದ್ದನ್ನು ಮರ ನುಂಗಿದೆ. ಅದರ ಕೊಂಬೆಯನ್ನು ಯಾರೂ ಕಡಿಯುವುದಿಲ್ಲ. ಆ ಊರಿನ ಮದುವೆಗಳಲ್ಲಿ ಕಬ್ಬಿಣದ ಸಲಾಕೆಯನ್ನೇ ಹಾಲುಗಂಬವಾಗಿ ನೆಟ್ಟು, ಆ ಮರದ ಒಂದು ಎಲೆ ಕಟ್ಟುತ್ತಾರೆ. ಇಲ್ಲಿ ನಾಗಪುರದಲ್ಲಿ ಗುಂಡಿ ತಿರುಗಿಸಿದರೆ ಒಲೆ ಉರಿಯುತ್ತದೆ. ಯಾವ ಗುಡ್ಡ ಬೋಳಾಗುತ್ತಿದೆಯೋ ಎಂದು ಕೇಳಲು ನನಗೂ ಆಯಾಸ. ಸ್ವಾತಿ, ಮಗಳೇ, ನಿನ್ನ ಮದುವೆಗೆ ನಾನಿರುತ್ತೇನೋ ಇಲ್ಲವೋ. ಆ ಮರದಿಂದ ತರಿಸುವುದು ಒಂದೇ ಎಲೆ, ಕೊಂಬೆಯಲ್ಲ. ಬರೆದಿಟ್ಟುಕೋ.